ಹಳೇ ಸ್ಪೀಕರ್‌ಗೆ ಅದರ ಜೋಡಿಯೇ ಸಾಕ್ಷಿ

ಈ ಸಲ ಬಂದ ಪತ್ರಗಳಲ್ಲಿ ಹಳೇ ಹೈ-ಫೈ ಸ್ಪೀಕರ್‌ಗಳ ವಿಷಯವೇ ಜಾಸ್ತಿ. ಮೊಬೈಲ್, ಟಿವಿ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.

ಪ್ರಶ್ನೆ: ದೊಡ್ಡಪ್ಪನ ಸ್ಪೀಕರ್ ಜೋಡಿ ನನ್ನ ಪಾಲಿಗೆ ಬಂದಿದೆ. 1970ರ ದಶಕದ್ದು, ಸೊಂಟದೆತ್ತರದ ಮರದ ಪೆಟ್ಟಿಗೆಗಳು. ಆಸೆಯಿಂದ ಹಾಕಿ ಕೇಳಿದರೆ ಹಾಡುವವರು ಕಂಬಳಿ ಹೊದ್ದುಕೊಂಡ ಹಾಗಿದೆ. ಹಳೇ ಸ್ಪೀಕರ್ ಅಂದರೆ ಹೀಗೇನಾ ಸರ್, ಅಥವಾ ಕೆಟ್ಟಿದೆಯಾ?

ಉತ್ತರ: ಹೀಗಲ್ಲ. ಆ ಕಾಲದ ಒಳ್ಳೆಯ ಸ್ಪೀಕರ್ ಹೊಸದಿದ್ದಾಗ ಮಂಕಾಗಿರಲಿಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಎಆರ್-3 ಸ್ಪೀಕರ್‌ನಲ್ಲಿ ಗುಮ್ಮಟದಂಥ ಪುಟ್ಟ ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಭಾಗ) ಕೂರಿಸಿದ್ದು 1958ರಲ್ಲಿ. ಇವತ್ತು ಮನೆಗಳಲ್ಲಿರುವ ಸ್ಪೀಕರ್‌ಗಳಲ್ಲೂ ಹೆಚ್ಚಾಗಿ ಇರುವುದು ಅದೇ ಜಾತಿಯದು. ನಿಮ್ಮದರಲ್ಲಿ ಏನೋ ಸತ್ತಿದೆ, ಅಥವಾ ಸಾಯುತ್ತಿದೆ.

ಮೊದಲು ಹಾಡು ನಿಲ್ಲಿಸಿ. ಮುಂದಿನ ಬಟ್ಟೆಯ ಜಾಲರಿ ತೆಗೆದು ವೂಫರನ್ನು, ಅಂದರೆ ಬೇಸ್ ನುಡಿಸುವ ದೊಡ್ಡ ಭಾಗವನ್ನು ನೋಡಿ. ಅದರಲ್ಲಿ ಅಲುಗಾಡುವ ಬಟ್ಟಲಿನಂಥ ಕೋನಿನ ಸುತ್ತ ಮೆತ್ತನೆಯ ಒಂದು ಅಂಚು ಇರುತ್ತದೆ. ಅದು ಬಟ್ಟೆಯದೋ ರಬ್ಬರಿನದೋ ಆಗಿದ್ದರೆ ನಿಮ್ಮ ಅದೃಷ್ಟ, ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿರುತ್ತದೆ. ಫೋಮ್ ಆಗಿದ್ದರೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಗಾಳಿಯ ತೇವಕ್ಕೆ, ಬೆಳಕಿಗೆ ಫೋಮ್ ಹದಿನೈದು ಇಪ್ಪತ್ತು ವರ್ಷದಲ್ಲಿ ಪುಡಿಯಾಗುತ್ತದೆ. ಬೆರಳಿಗೆ ಅಂಟಿತು ಅಥವಾ ಉದುರಿತು ಅಂದರೆ ಆ ಸ್ಪೀಕರನ್ನು ಬಾರಿಸಲೇಬೇಡಿ. ನಾನು ಒಮ್ಮೆ "ಒಂದೇ ಹಾಡು, ಏನಾಗುತ್ತೆ" ಅಂತ ಬಾರಿಸಿದೆ. ಹಿಡಿತ ತಪ್ಪಿದ ಕೋನ್ ಓರೆಯಾಗಿ, ಅದರ ಹಿಂದೆ ಅಂಟಿರುವ ತಂತಿಯ ಸುರುಳಿ (ವಾಯ್ಸ್ ಕಾಯಿಲ್) ಆಯಸ್ಕಾಂತಕ್ಕೆ ಉಜ್ಜಿಕೊಂಡಿತು. ಬರೀ ಅಂಚು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ವೂಫರನ್ನೇ ಕಳೆದುಕೊಂಡೆ.

ಅಂಚು ಸರಿ ಇದ್ದರೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮನಾಗಿ ಇಟ್ಟು ಸ್ವಲ್ಪ ಒಳಗೆ ಒತ್ತಿ. ಗರಗರ ಅನ್ನಬಾರದು. ಎರಡನೇ ಪೆಟ್ಟಿಗೆಯನ್ನೂ ಹಾಗೇ ಒತ್ತಿ. ಇಲ್ಲಿಂದ ಮುಂದೆ ಪ್ರತಿ ಪರೀಕ್ಷೆಯನ್ನೂ ಎರಡರ ಮೇಲೂ ಮಾಡಿ, ಯಾಕೆಂದರೆ ನಿಮ್ಮ ಹತ್ತಿರ ಇರುವ ಅತ್ಯುತ್ತಮ ಅಳತೆಯ ಉಪಕರಣ ಆ ಇನ್ನೊಂದು ಪೆಟ್ಟಿಗೆಯೇ. ಒಂದೇ ದಿನ ಹುಟ್ಟಿದ ಅವಳಿಗಳು. ಆದರೆ ಮುಪ್ಪು ಇಬ್ಬರಿಗೂ ಒಂದೇ ಥರ ಬರುವುದಿಲ್ಲ. ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಒತ್ತಿ, ಒಂದೆರಡು ಸೆಕೆಂಡ್ ಹಿಡಿದು ಬಿಡಿ. ಒಂದರ ಕೋನ್ ನಿಧಾನವಾಗಿ ವಾಪಸ್ ಬಂದು ಇನ್ನೊಂದರದು ಪಟ್ಟನೆ ಬಂದರೆ, ಪಟ್ಟನೆ ಬಂದದ್ದರಲ್ಲಿ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅನುಮಾನಪಡಬಹುದು.

ಆಮೇಲೆ ಮಲ್ಟಿಮೀಟರ್. ತಂತಿ ಬಿಚ್ಚಿ, ಹಿಂದಿನ ಟರ್ಮಿನಲ್‌ಗಳ ನಡುವೆ ಓಮ್ ಅಳೆಯಿರಿ. 8 ಓಮ್ ಅಂತ ಬರೆದ ಪೆಟ್ಟಿಗೆ ಸುಮಾರು 6 ತೋರಿಸುತ್ತದೆ. 4ರದು 3ರಿಂದ 3.5. ಕಡಿಮೆ ಬಂತು ಅಂತ ಗಾಬರಿ ಬೇಡ, ಮೀಟರ್ ನೋಡುವುದು ತಂತಿಯ ನೇರ ತಡೆಯನ್ನು ಮಾತ್ರ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಮೀಟರ್ ಸರಿ ತೋರಿಸಿತು, ಸ್ಪೀಕರ್ ಸರಿ ಇದೆ ಅಂದುಕೊಳ್ಳುತ್ತಾರೆ. ಮೀಟರಿನ ಕರೆಂಟ್ ಟ್ವೀಟರ್ ತನಕ ಹೋಗುವುದೇ ಇಲ್ಲ, ನಡುವೆ ಕೆಪಾಸಿಟರ್ ತಡೆಯುತ್ತದೆ. ನೀವು ಅಳೆದದ್ದು ವೂಫರ್ ಒಂದನ್ನೇ.

ಟ್ವೀಟರ್‌ಗೆ ಬೇರೆ ಉಪಾಯ. ಕಾಗದವನ್ನು ಕೊಳವೆ ಮಾಡಿ. ಸದ್ದು ತೀರಾ ಸಣ್ಣಗಿಟ್ಟು, ಕೊಳವೆಯ ಒಂದು ತುದಿ ಟ್ವೀಟರ್ ಮುಂದೆ, ಇನ್ನೊಂದು ಕಿವಿಗೆ. ಎರಡೂ ಪೆಟ್ಟಿಗೆಯಲ್ಲಿ ಕೇಳಿ. ಒಂದು ಪಿಸುಗುಟ್ಟುತ್ತಿದ್ದು ಇನ್ನೊಂದು ಮೂಕವಾಗಿದ್ದರೆ ಕಳ್ಳ ಸಿಕ್ಕ. ಎರಡೂ ಮೂಕವೇ? ಆಗ ಪೆಟ್ಟಿಗೆಯ ಮೇಲೆ "ಹೈ", "ಮಿಡ್" ಅಂತ ತಿರುಪುಗಳಿವೆಯಾ ನೋಡಿ. ಅವುಗಳ ಒಳಗೆ ತುಕ್ಕು, ಕಿಲುಬು ಕಟ್ಟುತ್ತದೆ. ಆಂಪ್ಲಿಫೈಯರ್ ಆಫ್ ಮಾಡಿ, ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಎಆರ್-3 ಇಟ್ಟುಕೊಂಡವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ನಿಮ್ಮ ಕಂಬಳಿಗೆ ಕಾರಣ ಇದೇ ಇರಬಹುದು ಅಂತ ನನ್ನ ಊಹೆ.

ಪ್ರಶ್ನೆ: 1.5 ವೋಲ್ಟ್ ಬ್ಯಾಟರಿ ಮುಟ್ಟಿಸಿ ಸ್ಪೀಕರ್ ಪರೀಕ್ಷೆ ಮಾಡಬಹುದು ಅಂತಾರೆ. ಮಾಡಿದೆ. ಕೋನ್ ಹೊರಗೆ ಬರುವ ಬದಲು ಒಳಗೆ ಹೋಯಿತು. ಒಳಗೆ ಯಾರೋ ತಂತಿ ಉಲ್ಟಾ ಹಾಕಿದ್ದಾರಾ?

ಉತ್ತರ: ಕೆಂಪು ಟರ್ಮಿನಲ್‌ಗೆ ಪ್ಲಸ್ ಮುಟ್ಟಿಸಿದರೆ ಕೋನ್ ಹೊರಗೆ ಬರುವುದು ಸಾಮಾನ್ಯ ಪದ್ಧತಿ. ಆದರೆ ಜೆಬಿಎಲ್ ಕಂಪನಿ ದಶಕಗಳ ಕಾಲ ಇದಕ್ಕೆ ಉಲ್ಟಾ ಇಟ್ಟುಕೊಂಡಿತ್ತು. ಹಾಗಾಗಿ ಯಾವ ಕಡೆ ಹೋಯಿತು ಅನ್ನುವುದಕ್ಕಿಂತ ಎರಡೂ ಒಂದೇ ಕಡೆ ಹೋದವಾ ಅನ್ನುವುದು ಮುಖ್ಯ. ಹೋಗಿದ್ದರೆ ಸುಮ್ನೆ ಬಿಡಿ. ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ, ಹಿಡಿದುಕೊಂಡು ಕೂರಬೇಡಿ.

ಪ್ರಶ್ನೆ: ನನ್ನ ಬಳಿ ಎರಡು ಜೋಡಿ ಇವೆ. ಒಂದು ಬಿಬಿಸಿಯವರು ವಿನ್ಯಾಸ ಮಾಡಿದ ಪುಟ್ಟ ಎಲ್‌ಎಸ್3/5ಎ. ಇನ್ನೊಂದು 12 ಇಂಚಿನ ವೂಫರ್ ಇರುವ ದೊಡ್ಡದು. ಒಂದನ್ನೇ ಇಟ್ಟುಕೊಳ್ಳಬೇಕು. ನನಗೆ ದೊಡ್ಡದೇ ಹಿಡಿಸಿದೆ. ಸ್ನೇಹಿತರು "ನಿನಗೆ ಕಿವಿ ಇದೆಯೇನೋ" ಅಂತ ಬಯ್ಯುತ್ತಾರೆ. ಹೇಗೆ ತೀರ್ಮಾನಿಸಲಿ?

ಉತ್ತರ: ಕಿವಿ ಇದೆ. ಆದರೆ ನೀವು ಅದಕ್ಕೆ ಸರಿಯಾದ ಪ್ರಶ್ನೆ ಕೇಳಿಲ್ಲ ಅನಿಸುತ್ತದೆ.

ಎಲ್‌ಎಸ್3/5ಎ ಮೊದಲೇ ಮೆತ್ತನೆಯ ಸ್ಪೀಕರ್. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 83 ಡೆಸಿಬೆಲ್. ನಿಮ್ಮ ದೊಡ್ಡದು 93 ಇದೆ ಅಂದುಕೊಳ್ಳಿ. ಅದು 1 ವ್ಯಾಟಿನಲ್ಲಿ ಕೊಡುವ ಸದ್ದಿಗೆ ಪುಟ್ಟದಕ್ಕೆ 10 ವ್ಯಾಟ್ ಬೇಕು. ವಾಲ್ಯೂಮ್ ತಿರುಪನ್ನು ಅಲ್ಲೇ ಬಿಟ್ಟು ತಂತಿ ಬದಲಿಸಿದರೆ ದೊಡ್ಡದು ಗೆಲ್ಲದೆ ಏನು ಮಾಡೀತು? ಜೋರಾಗಿದ್ದರೆ ಕಿವಿಗೆ ಬೇಸ್ ಕೂಡ ಜಾಸ್ತಿ ಕೇಳುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ.

ಮೊದಲು ಸದ್ದು ಸಮ ಮಾಡಿ. ಪಿಂಕ್ ನಾಯ್ಸ್ ಎಂಬ ಶ್ಶ್… ಸದ್ದಿನ ಫೈಲ್ ಸುಲಭವಾಗಿ ಸಿಗುತ್ತದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ, ನೀವು ಕೂರುವ ಕುರ್ಚಿಯಲ್ಲಿ ತಲೆ ಇರುವ ಎತ್ತರಕ್ಕೆ ಫೋನ್ ನಿಲ್ಲಿಸಿ. ಫೋನ್ ಹೇಳುವ ಅಂಕಿ ನಿಜವಾಗಿರಬೇಕೆಂದಿಲ್ಲ. ಎರಡಕ್ಕೂ ಒಂದೇ ಅಂಕಿ ಬಂದರೆ ಸಾಕು. ಅರ್ಧ ಡೆಸಿಬೆಲ್ ಒಳಗೆ ತನ್ನಿ. ಯಾವ ಸ್ಪೀಕರ್‌ಗೆ ತಿರುಪು ಎಲ್ಲಿರಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಒಂದೊಂದು ಜೋಡಿಯಿಂದ ಒಂದೇ ಪೆಟ್ಟಿಗೆ ತೆಗೆದುಕೊಂಡು ಮೋನೋದಲ್ಲಿ, ಅಂದರೆ ಎಡ-ಬಲ ಎರಡನ್ನೂ ಸೇರಿಸಿ ಒಂದೇ ಮಾಡಿ, ಕೇಳಿ. ಎರಡು ಸ್ಪೀಕರ್ ಸೇರಿದಾಗ ಹುಟ್ಟುವ ವೈಭವ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಒಂಟಿ ಪೆಟ್ಟಿಗೆ ಸುಳ್ಳು ಹೇಳುವುದು ಕಷ್ಟ. ಬದಲಿಸುವುದು ಬೇಗ ಆಗಬೇಕು. ಸಂಜೆ ಕೇಳಿದ ಧ್ವನಿಯನ್ನು ಮರುದಿನ ಬೆಳಗ್ಗೆ ನೆನಪಿಟ್ಟು ಹೋಲಿಸುತ್ತೇನೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಕೊನೆಗೆ, ಕಣ್ಣಿಗೆ ಬಟ್ಟೆ. ಸ್ಪೀಕರ್ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಸ್ಪೀಕರ್ ತಯಾರಿಸುವ ಹಾರ್ಮನ್ ಕಂಪನಿಯ 40 ನೌಕರರಿಗೆ 4 ಸ್ಪೀಕರ್ ಕೇಳಿಸಿದರು. ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆಯ ಹಿಂದೆ. ಕಾಣುವಾಗ ದೊಡ್ಡ, ಗಂಭೀರ ಸ್ಪೀಕರ್‌ಗಳಿಗೆ ಅಂಕ ಬಂತು. ಪರದೆ ಬಂದಾಗ ಕಡೆಗಣಿಸಿದ್ದ ಪುಟ್ಟ ಪ್ಲಾಸ್ಟಿಕ್ ಸ್ಪೀಕರ್ ಪೈಪೋಟಿ ಕೊಟ್ಟಿತು. ದಿನಾ ಇದೇ ಕೆಲಸ ಮಾಡುವವರ ಕಥೆಯೇ ಹೀಗೆ. ತಂತಿ ಬದಲಿಸಲು ಬೇರೆಯವರನ್ನು ಕೂರಿಸಿ, ನೀವು ಒಂದು ಹಾಳೆಯಲ್ಲಿ "ಮೊದಲನೆಯದು, ಎರಡನೆಯದು" ಅಂತ ಮಾತ್ರ ಬರೆಯಿರಿ. ಹತ್ತು ಸಲ. ಆಮೇಲೂ ದೊಡ್ಡದೇ ಗೆದ್ದರೆ ಆ ಹಾಳೆಯನ್ನು ಸ್ನೇಹಿತರಿಗೆ ತೋರಿಸಿ.

ಪ್ರಶ್ನೆ: ಜೋಡಿಯಲ್ಲಿ ಎಡಗಡೆಯದರಲ್ಲಿ ಬೇಸ್ ತುಂಬಾ ಇದೆ, ಬಲಗಡೆಯದರಲ್ಲಿ ಇಲ್ಲ. ಬಲಗಡೆಯ ವೂಫರ್ ರಿಪೇರಿಗೆ ಕೊಡಲೇ?

ಉತ್ತರ: ಕೊಡುವ ಮೊದಲು ಎರಡನ್ನೂ ಅದಲು ಬದಲು ಮಾಡಿ. ಇದೇ ತೊಂದರೆಗೆ ನಾನು ಮೂರು ಭಾನುವಾರ ಹಾಳು ಮಾಡಿಕೊಂಡಿದ್ದೇನೆ. ಬಲಗಡೆಯದನ್ನು ಬಿಚ್ಚಿದೆ, ಸ್ಕ್ರೂ ಬಿಗಿ ಮಾಡಿದೆ, ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದೆ. ಸಪ್ಪೆ ಹಾಗೇ ಇತ್ತು. ಮೂರನೇ ಭಾನುವಾರ ಹನ್ನೆರಡು ವರ್ಷದ ಮಗಳು ಬಂದು, "ಅಪ್ಪಾ, ಇದನ್ನ ಅಲ್ಲಿಟ್ಟು ಅದನ್ನ ಇಲ್ಲಿಟ್ಟು ನೋಡಿದ್ಯಾ?" ಅಂದಳು. ಇಟ್ಟೆವು. ಈಗ ನಾನು ಹೊಗಳುತ್ತಿದ್ದ ಪೆಟ್ಟಿಗೆ ಸಪ್ಪೆಯಾಯಿತು, ಬಯ್ಯುತ್ತಿದ್ದದ್ದು ಗುಮ್ಮೆಂದಿತು. ಎಡಗಡೆ ಗೋಡೆಯ ಮೂಲೆ, ಬಲಗಡೆ ತೆರೆದ ಬಾಗಿಲು. ಅಷ್ಟೇ ವ್ಯತ್ಯಾಸ.

ಸುಮಾರು 200–300 ಹರ್ಟ್ಜ್‌ಗಿಂತ ಕೆಳಗೆ ನಿಮಗೆ ಕೇಳುವುದರಲ್ಲಿ ಕೋಣೆಯ ಪಾಲೇ ದೊಡ್ಡದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. 5 ಮೀಟರ್ ಕೋಣೆಗೆ 34 ಹರ್ಟ್ಜ್ ಬರುತ್ತದೆ, 4 ಮೀಟರಿಗೆ 43. ಆ ಸ್ವರ ಗೋಡೆಯ ಹತ್ತಿರ ಉಬ್ಬುತ್ತದೆ, ಕೋಣೆಯ ಮಧ್ಯದಲ್ಲಿ ಮಾಯವಾಗುತ್ತದೆ. ನಂಬಿಕೆ ಬರದಿದ್ದರೆ ಆ ಸ್ವರವನ್ನು ಸಣ್ಣಗೆ ಬಾರಿಸಿ ಕೋಣೆಯಲ್ಲಿ ನಡೆದಾಡಿ. ಅದಲು ಬದಲು ಮಾಡಿದಾಗ ಸಪ್ಪೆ ಪೆಟ್ಟಿಗೆಯ ಜೊತೆಗೇ ಹೋದರೆ ಮಾತ್ರ ರಿಪೇರಿಯ ಮಾತು.

ಪ್ರಶ್ನೆ: ಕ್ರಾಸ್‌ಓವರ್‌ನ ಕೆಪಾಸಿಟರ್‌ಗಳನ್ನು ಬದಲಿಸಲೇಬೇಕಾ? ಎಲ್ಲರೂ ಅದನ್ನೇ ಹೇಳುತ್ತಾರೆ.

ಉತ್ತರ: ಎಲ್ಲರೂ ಹೇಳುವುದು ಅರ್ಧ ಸರಿ. ಕ್ರಾಸ್‌ಓವರ್ ಅಂದರೆ ಬೇಸನ್ನು ವೂಫರ್‌ಗೂ ಮೇಲಿನ ಸ್ವರಗಳನ್ನು ಟ್ವೀಟರ್‌ಗೂ ಹಂಚುವ ಸರ್ಕಿಟ್. ಕೆಪಾಸಿಟರ್‌ಗಳಲ್ಲಿ ಎಲೆಕ್ಟ್ರೊಲಿಟಿಕ್ ಜಾತಿಯವು ದಶಕಗಳಲ್ಲಿ ತಮ್ಮ ಮೇಲೆ ಬರೆದ ಅಳತೆ ತಪ್ಪುತ್ತವೆ, ಒಳಗಿನ ತಡೆ ಏರುತ್ತದೆ. ಫಿಲ್ಮ್ ಜಾತಿಯವು ಇದ್ದರೆ ಮುಟ್ಟಬೇಡಿ, ಅವು ನಮಗಿಂತ ಚೆನ್ನಾಗಿ ಮುಪ್ಪಾಗುತ್ತವೆ. ಬದಲಿಸುವಾಗ ಬೈಪೋಲಾರ್ ಅಂತ ಕೇಳಿ ತನ್ನಿ. ಪ್ಲಸ್-ಮೈನಸ್ ಗುರುತಿನ ಮಾಮೂಲಿ ಎಲೆಕ್ಟ್ರೊಲಿಟಿಕ್ ಇಲ್ಲಿ ನಡೆಯುವುದಿಲ್ಲ. ಎಲೆಕ್ಟ್ರೊಲಿಟಿಕ್ ಜಾಗಕ್ಕೆ ಫಿಲ್ಮ್ ಹಾಕಿದರೆ ಒಳತಡೆ ಕಡಿಮೆಯಾಗಿ ಟ್ವೀಟರ್ ಒಂದು ಚೂರು ಮುಂದೆ ಬರಬಹುದು. ಕೆಲವರು ಅದನ್ನೇ "ಹೊಸ ಜೀವ ಬಂತು" ಅನ್ನುತ್ತಾರೆ.

ನನ್ನ ಒಂದೇ ಬೇಡಿಕೆ: ಒಂದು ಪೆಟ್ಟಿಗೆಯಲ್ಲಿ ಮಾತ್ರ ಬದಲಿಸಿ, ಒಂದು ವಾರ ಬಿಡಿ. ಒಂದೇ ಜಾಗದಲ್ಲಿ ಒಂದಾದ ಮೇಲೆ ಒಂದನ್ನು ಇಟ್ಟು, ಮೋನೋದಲ್ಲಿ ಹೊಸದು–ಹಳೆಯದು ಹೋಲಿಸಿ. ನಾನು ಮೊದಲ ಸಲ ಎರಡನ್ನೂ ಒಂದೇ ಮಧ್ಯಾಹ್ನ ಬದಲಿಸಿದೆ. "ಅಬ್ಬಾ ಎಂಥ ಸುಧಾರಣೆ" ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ನಿಜವೋ, ಬೆವರು ಸುರಿಸಿದ್ದಕ್ಕೆ ಮನಸ್ಸು ಕೊಟ್ಟ ಬಹುಮಾನವೋ, ಇವತ್ತಿಗೂ ಗೊತ್ತಿಲ್ಲ. ಸಾಕ್ಷಿಯನ್ನು ನಾನೇ ಅಳಿಸಿಹಾಕಿದ್ದೆ.

ಪ್ರಶ್ನೆ: ಪರೀಕ್ಷೆಗೆ ಯಾವ ಹಾಡು ಒಳ್ಳೆಯದು?

ಉತ್ತರ: ಹಾಡಿಗಿಂತ ಮಾತು. ಬಿಬಿಸಿಯ ಎಂಜಿನಿಯರುಗಳೂ ಸ್ಪೀಕರ್ ಪರೀಕ್ಷೆಗೆ ಮನುಷ್ಯರ ಮಾತನ್ನು ಬಳಸುತ್ತಿದ್ದರು. ಮನೆಯವರ ಮಾತನ್ನು ರೆಕಾರ್ಡ್ ಮಾಡಿ, ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿ. ಡಬ್ಬದೊಳಗಿಂದ ಮಾತಾಡಿದ ಹಾಗಿದೆಯಾ, ನೆಗಡಿಯಾದ ಹಾಗಿದೆಯಾ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಪ್ರಶ್ನೆ: 1957ರ ಮಾದರಿಯ ಕ್ವಾಡ್ ಎಲೆಕ್ಟ್ರೊಸ್ಟಾಟಿಕ್ ಸಿಕ್ಕಿದೆ. ಒಂದರಲ್ಲಿ ಚಟಪಟ ಸದ್ದು. ಬಿಚ್ಚಿ ಧೂಳು ಹೊಡೆಯಲೇ?

ಉತ್ತರ: ಬೇಡ. ಕೋನಿನ ಬದಲು ತೆಳು ಹಾಳೆಯನ್ನು ವಿದ್ಯುತ್ತಿನ ಸೆಳೆತದಿಂದ ಅಲುಗಿಸುವ ಸ್ಪೀಕರ್ ಅದು. ಅದರೊಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಬಲ್ಲವರಿಗೇ ಕೊಡಿ.

ಪ್ರಶ್ನೆ: ನನಗೆ 68. ಟ್ವೀಟರ್ ಸತ್ತಿದೆಯೋ ನನ್ನ ಕಿವಿ ಸತ್ತಿದೆಯೋ ಹೇಗೆ ತಿಳಿಯುವುದು?

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ, ಆಮೇಲೆ ನನ್ನ ವಯಸ್ಸೂ ನೆನಪಾಯಿತು. ಮೇಲಿನ ಸ್ವರಗಳು ನಮ್ಮಿಂದ ಮೊದಲು ದೂರವಾಗುವುದು ನಿಜ. ಆದರೆ ಟ್ವೀಟರ್ ಕೆಲಸ ಶುರುವಾಗುವುದು ಸಾಮಾನ್ಯವಾಗಿ 2000–3000 ಹರ್ಟ್ಜ್ ಹತ್ತಿರ. ಅಲ್ಲಿ ನಿಮ್ಮ ಕಿವಿಯೂ ಹೆಚ್ಚಾಗಿ ಕೆಲಸ ಮಾಡುತ್ತಿರುತ್ತದೆ. ಸದ್ದು ತೀರಾ ಸಣ್ಣಗಿಟ್ಟು 5000 ಹರ್ಟ್ಜ್ ಸ್ವರವನ್ನು ಎರಡೂ ಪೆಟ್ಟಿಗೆಯಲ್ಲಿ ಒಂದಾದ ಮೇಲೆ ಒಂದು ಹಾಕಿ, ಒಂದೇ ಕಿವಿಯಲ್ಲಿ ಕೇಳಿ. ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಕೇಳದಿದ್ದರೆ ಕಿವಿಯದು ತಪ್ಪಲ್ಲ. ಒಂದು ಸಣ್ಣಗೆ ಕೇಳಿದರೆ ಟ್ವೀಟರಿನ ಒಳಗೆ ತುಂಬಿದ ಫೆರೋಫ್ಲೂಯಿಡ್ ಎಂಬ ಕಪ್ಪು ದ್ರವ ಒಣಗಿ ಅಂಟಾಗಿರಬಹುದು. 1970ರ ದಶಕದ ಕೊನೆಯಿಂದ ಈಚಿನ ಕೆಲವು ಟ್ವೀಟರ್‌ಗಳಲ್ಲಿ ಅದು ಇರುತ್ತದೆ, ಶುಚಿ ಮಾಡಿ ಹೊಸದು ಹಾಕಬಹುದು. ಎರಡರಲ್ಲೂ ಏನೂ ಕೇಳದಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ. ಅವರು ಕಿವಿ ಮುಚ್ಚಿಕೊಂಡು ಓಡಿದರೆ ಟ್ವೀಟರ್ ಚೆನ್ನಾಗಿದೆ.