ತಂದೆಯ ಹೆಸರಿನಲ್ಲಿದ್ದ ಸಾಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಅಮೆರಿಕದಲ್ಲಿ ಕಾಲೇಜು ನೆರವಿಗೆ ಸಲ್ಲಿಸುವ ಫಾಫ್ಸಾ ಅರ್ಜಿಯ ಹೊಸ ನಮೂನೆ ಗೊಂದಲಕ್ಕೀಡಾಗಿ, ಯಾವ ನೆರವು ಎಷ್ಟು ಎಂದು ಕಾಲೇಜುಗಳು ತಿಳಿಸುವ ನೆರವಿನ ಪತ್ರಗಳೆಲ್ಲ ತಡವಾಗಿ ಬಂದ ವರ್ಷ 2024. ಆ ಜೂನ್ ತಿಂಗಳಲ್ಲಿ ಹದಿನೆಂಟು ವರ್ಷದ ವಿದ್ಯಾರ್ಥಿನಿಯೊಬ್ಬಳು ತಂದೆಯೊಂದಿಗೆ ನನ್ನಲ್ಲಿಗೆ ಬಂದಳು. ಅವಳಿಗೆ ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜೊಂದರಲ್ಲಿ ಇತಿಹಾಸವನ್ನು ಮುಖ್ಯ ವಿಷಯವಾಗಿ ಓದುವ ಆಸೆಯಿತ್ತು. "ಇತಿಹಾಸ ಓದಿದರೆ ಸಾಲ ತೀರುವುದು ಹೇಗೆ, ನೀವೇ ಹೇಳಿ" ಎಂಬುದು ತಂದೆಯ ಪ್ರಶ್ನೆ.

ಮಗಳು ಸಿದ್ಧಳಾಗಿಯೇ ಬಂದಿದ್ದಳು. ಫೆಡರಲ್ (ಕೇಂದ್ರ ಸರ್ಕಾರದ) ಶಿಕ್ಷಣ ಇಲಾಖೆಯ ಜಾಲತಾಣವಾದ ಕಾಲೇಜ್ ಸ್ಕೋರ್‌ಕಾರ್ಡ್‌ನಿಂದ ಆ ಕಾಲೇಜಿನ ಪದವೀಧರರ ಮಧ್ಯಕ ಆದಾಯವನ್ನು ಬರೆದುಕೊಂಡಿದ್ದಳು. ಉಪಯುಕ್ತ ಅಂಕಿಯೇ ಅದು, ಆದರೆ ಅವಳು ಅದನ್ನು ಮೊದಲ ಸಂಬಳವೆಂದು ಓದಿಕೊಂಡಿದ್ದಳು. ಅದು ಓದು ಮುಗಿದು ಕೆಲವು ವರ್ಷಗಳಾದ ಮೇಲಿನ ಗಳಿಕೆ. ಅರ್ಧದಷ್ಟು ಜನ ಅದಕ್ಕಿಂತ ಕೆಳಗೇ ಇರುತ್ತಾರೆ. ಫೆಡರಲ್ ನೆರವು ಪಡೆಯದವರೂ, ಆ ಹೊತ್ತಿಗೆ ಸ್ನಾತಕೋತ್ತರ ಓದಿನಲ್ಲಿರುವವರೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲ ವರ್ಷಕ್ಕೆ 40,000 ಡಾಲರ್, ಅಂದರೆ ತೆರಿಗೆ ಕಳೆದು ತಿಂಗಳಿಗೆ ಸುಮಾರು 2,700 ಡಾಲರ್ ಎಂದು ಸ್ವಲ್ಪ ಜಿಪುಣತನದಿಂದಲೇ ಹಿಡಿದೆವು.

ವಿಷಯ ತಿರುವು ಪಡೆದದ್ದು ನೆರವಿನ ಪತ್ರವನ್ನು ಮೇಜಿನ ಮೇಲೆ ಬಿಡಿಸಿದಾಗ. ವರ್ಷದ ಒಟ್ಟು ವೆಚ್ಚ 62,000 ಡಾಲರ್. ಅದರ ಕೆಳಗೆ 'ನೆರವು' ಎಂಬ ಒಂದೇ ಶೀರ್ಷಿಕೆಯಡಿ 34,000 ಡಾಲರ್ ಅನುದಾನ (ಮರಳಿಸಬೇಕಿಲ್ಲದ ಹಣ), 5,500 ಡಾಲರ್ ವಿದ್ಯಾರ್ಥಿ ಸಾಲ, 22,500 ಡಾಲರ್ ಪೇರೆಂಟ್ ಪ್ಲಸ್. ಕೊನೆಯದೂ ಕಾಲೇಜು ಕೊಡುವ ಹಣವೆಂದೇ ಅವಳು ತಿಳಿದಿದ್ದಳು. ಅದು ಪೋಷಕರ ಹೆಸರಿನ ಸಾಲವೆಂದು ತಂದೆಗೆ ಗೊತ್ತಿತ್ತು. ಅವರು ಹೇಳಿರಲಿಲ್ಲ, ಅಷ್ಟೆ. ಸಾಲವನ್ನೂ ಅನುದಾನವನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಇಂಥ ಪತ್ರಗಳನ್ನು ಕಂಡಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಕಾಗದದ ಮೇಲೆ ಎರಡು ಲೆಕ್ಕ ಬರೆದೆವು. ಪೋಷಕರನ್ನು ಅವಲಂಬಿಸಿದ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಸರ್ಕಾರದಿಂದ ಪಡೆಯಬಹುದಾದ ಸಾಲ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ತಲಾ 7,500 ಡಾಲರ್. ನಾಲ್ಕು ವರ್ಷಕ್ಕೆ 27,000. ಆ ವರ್ಷದ ಶೇ 6.53ರ ಬಡ್ಡಿಯಲ್ಲಿ, ಹತ್ತು ವರ್ಷಗಳ ಅವಧಿಗೆ, ತಿಂಗಳ ಕಂತು ಸುಮಾರು 307 ಡಾಲರ್. ಹೊರೆಯೇ, ಆದರೆ 2,700ರಲ್ಲಿ ಹೊರಬಹುದಾದದ್ದು. ತಂದೆಯ ಹೆಸರಿನ ಸಾಲ ನಾಲ್ಕು ವರ್ಷಕ್ಕೆ 90,000 ಆಗುತ್ತಿತ್ತು; ಶೇ 9.08ರ ಬಡ್ಡಿಗೆ ಕಂತು 1,100 ಡಾಲರಿಗೂ ಹೆಚ್ಚು. ಓದು ಮುಗಿಯುವವರೆಗೆ ಕಂತು ಮುಂದೂಡಿದರೂ ಬಡ್ಡಿ ಬೆಳೆಯುತ್ತದೆ, ಸರ್ಕಾರ ಆ ಸಾಲವನ್ನು ಮುಂದೆ ಮಗಳ ಹೆಸರಿಗೆ ವರ್ಗಾಯಿಸುವುದೂ ಇಲ್ಲ. ತಂದೆಗೆ ಆಗಲೇ ಐವತ್ತಾರು. ಮಗಳು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ, ಇದನ್ನು ಯಾವಾಗ ಹೇಳಬೇಕೆಂದಿದ್ದೆ?" ಎಂದಳು.

ಇತಿಹಾಸವನ್ನು ಬಿಡಬೇಕೆಂದು ನಾನು ಹೇಳಲಿಲ್ಲ. ಇಷ್ಟವಿಲ್ಲದ ವಿಷಯಕ್ಕೆ ಸೇರಿ ಪದವಿ ಮುಗಿಸದೆ ಹೊರಬಿದ್ದವರಿಗೆ ಸಾಲ ಮಾತ್ರ ಉಳಿಯುತ್ತದೆ. ನನ್ನ ಸಲಹೆ ಸಾಲದ ಮೇಲ್ಮಿತಿಯ ಬಗ್ಗೆಯಿತ್ತು: 27,000ದೊಳಗೆ ಯಾವ ಕಾಲೇಜಿನಲ್ಲಿ ಇತಿಹಾಸ ಓದಲು ಸಾಧ್ಯವೋ ಅಲ್ಲಿ ಓದುವುದು, ಪ್ಲಸ್ ಸಾಲವನ್ನೂ ಹೊಣೆಗೆ ಇನ್ನೊಬ್ಬರ ಸಹಿ ಕೇಳುವ ಖಾಸಗಿ ಸಾಲವನ್ನೂ ಮುಟ್ಟದಿರುವುದು. ತಂದೆಯ ಓವರ್‌ಟೈಮ್ ಆದಾಯ ನಿಂತುಹೋಗಿದ್ದರಿಂದ, ದಾಖಲೆಗಳೊಂದಿಗೆ ನೆರವಿನ ಮರುಪರಿಶೀಲನೆ ಕೋರಿ ಖಾಸಗಿ ಕಾಲೇಜಿಗೆ ಬರೆಯಲು ಹೇಳಿದೆ. ಪತ್ರವನ್ನು ಮಗಳೇ ಬರೆಯಬೇಕೆಂದೂ ಸೂಚಿಸಿದೆ, ಏಕೆಂದರೆ ಮನೆಯ ಹಣಕಾಸು ಅಲ್ಲಿಯವರೆಗೆ ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ.

ಕಾಲೇಜು ವರ್ಷಕ್ಕೆ 3,000 ಡಾಲರ್ ಹೆಚ್ಚಿಸಿತು, ಸಾಲಲಿಲ್ಲ. ಅವಳು ಮನೆಯಿಂದಲೇ ಓಡಾಡಬಹುದಾದ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿದಳು. 2025ರ ಕಾನೂನು, 2026ರ ಜುಲೈನಿಂದ ಹೊಸದಾಗಿ ಪ್ಲಸ್ ಸಾಲ ಪಡೆಯುವ ಪೋಷಕರಿಗೆ ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ ಹಾಕಿದೆ. ಈ ತಂದೆಗೆ ಆ ಮಿತಿಯೂ ಹೆಚ್ಚೇ ಆಗುತ್ತಿತ್ತು.

ಎರಡನೆಯ ವರ್ಷ ಅವಳು ಇತಿಹಾಸದ ಜೊತೆಗೆ ಸಂಖ್ಯಾಶಾಸ್ತ್ರದ ಎರಡು ಕೋರ್ಸುಗಳನ್ನು ತೆಗೆದುಕೊಂಡಿದ್ದಾಳೆಂದು ತಂದೆ ದೂರವಾಣಿಯಲ್ಲಿ ತಿಳಿಸಿದರು. ಇತಿಹಾಸದ ವಿಷಯದಲ್ಲಿ ಅವರಿಗೆ ಇನ್ನೂ ಸಮಾಧಾನವಿಲ್ಲ.