ರಾಜ್ಯದ ಕಾನೂನು ನೋಡಿ ಕಾಲೇಜು ಆರಿಸಬೇಡಿ

ಸರ್, ಮಗನಿಗೆ ಅಮೆರಿಕದ ಕಾಲೇಜಿನಲ್ಲಿ ಟೆನಿಸ್ ಸೀಟು ಸಿಕ್ಕಿದೆ, ಆಟಗಾರರ ಸಂಪಾದನೆಗೆ ಕ್ಯಾಲಿಫೋರ್ನಿಯಾ ಕಾನೂನು ಒಳ್ಳೆಯದಾ, ಟೆಕ್ಸಾಸ್‌ನದಾ ಅಂತ ಕೇಳಿದ್ದೀರಿ. ಹುಡುಗ ಹೋಗುವುದು ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಅಲ್ವಾ? ಹಾಗಾದರೆ ಈ ಹೋಲಿಕೆಯೇ ದಂಡ.

ನಾನೂ ಮೈಸೂರಿನಿಂದ ಕ್ಯಾಲಿಫೋರ್ನಿಯಾಗೆ ಟೆನಿಸ್ ಆಡೋಕೆ ಹೋದವನೇ. ಆಗ ಗಂಡಸರ ತಂಡಕ್ಕೆಲ್ಲ ಸೇರಿ 4.5 ಸ್ಕಾಲರ್‌ಶಿಪ್ ಮಿತಿ. ಅದನ್ನೇ ಕೋಚ್ ಹಂಚುತ್ತಿದ್ದರು. ನನಗೆ ಅರ್ಧ ಫೀಸು ಸಿಕ್ಕಿತು, ಉಳಿದದ್ದು ಅಪ್ಪನ ಸಾಲ. ಆಟಗಾರರು ತಮ್ಮ ಹೆಸರು, ಮುಖದಿಂದ ಕಾಸು ಮಾಡಿಕೊಳ್ಳಬಹುದು ಅಂತ ಆ ರಾಜ್ಯ 2019ರಲ್ಲೇ ಕಾನೂನು ಮಾಡಿತ್ತು. 2021ರ ಜುಲೈ 1ರಿಂದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಕೂಡ ಅಡ್ಡಿ ತೆಗೆಯಿತು. ಹತ್ತಿರದ ಇಂಡಿಯನ್ ಅಂಗಡಿಯವರು ಇನ್‌ಸ್ಟಾಗ್ರಾಂಗೆ ವಿಡಿಯೋ ಮಾಡಿಕೊಡು, 600 ಡಾಲರ್ ಕೊಡ್ತೀವಿ ಅಂದರು. ಹೆಗಲಿಗೆ ರ್‍ಯಾಕೆಟ್ ಹಾಕಿ, ಫ್ರೀಜರ್ ಮುಂದೆ ನಿಂತು, ಪರೋಟ ಪ್ಯಾಕೆಟ್ ಎತ್ತಿ ಹಿಡಿದು ಹಲ್ಲು ಕಿರಿದೆ.

ಎಡವಿದ್ದು ಎಲ್ಲಿ ಗೊತ್ತಾ? ಆಟಗಾರರು ನಿಯಮ ಮೀರದಂತೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ ಫಾರ್ಮ್ ಕೊಟ್ಟಿದ್ದೆ, ಅವರು ಸರಿ ಅಂದಿದ್ದರು. ಆದರೆ ಅವರು ನೋಡಿದ್ದು ರಾಜ್ಯದ ಕಾನೂನು ಮತ್ತು ಎನ್‌ಸಿಎಎ ನಿಯಮ ಅಷ್ಟೇ. ವೀಸಾ ವಿಷಯ ನೋಡಿಕೊಳ್ಳೋದು ಡಿಎಸ್‌ಒ ಅನ್ನುವ ಕಾಲೇಜಿನ ಅಧಿಕಾರಿ, ಅವರಿರುವ ವಿದೇಶಿ ವಿದ್ಯಾರ್ಥಿಗಳ ಆಫೀಸು ಬೇರೆಯೇ ಕಟ್ಟಡ. ಅಲ್ಲಿಗೆ ನಾನು ಹೋಗಲೇ ಇಲ್ಲ. ವೀಸಾ ಇರೋದು ಕೇಂದ್ರ ಸರ್ಕಾರದ ಕೈಯಲ್ಲಿ, ರಾಜ್ಯ ಏನು ಬರೆದುಕೊಂಡರೂ ಅದು ಬಗ್ಗುವುದಿಲ್ಲ. ಅನುಮತಿ ಇಲ್ಲದೆ ಎಫ್-1ನವರು ಕ್ಯಾಂಪಸ್ ಹೊರಗೆ ದುಡಿಯುವಂತಿಲ್ಲ. ಪರೋಟ ಹಿಡಿದು ನಿಂತದ್ದೂ ದುಡಿಮೆ ಅಂತ ಆಗಬಹುದು ಅಂದರು ವಕೀಲರು. ದುಡ್ಡು ವಾಪಸ್ ಕೊಡ್ತೀನಿ ಅಂದೆ. ಕೆಲಸ ಆಗಿಹೋಗಿದೆಯಲ್ಲ ಅಂದರು. ಅವರ ಫೀಸೇ 600 ದಾಟಿತು. ಊರಿಗೆ ಬಂದರೆ ವೀಸಾ ಸ್ಟಾಂಪಿಂಗ್‌ನಲ್ಲಿ ಸಿಕ್ಕಿಬೀಳುವ ಭಯ, ಅಕ್ಕನ ಮದುವೆಯನ್ನು ಫೋನಿನಲ್ಲೇ ನೋಡಿದೆ.

ಕೆಂಟಕಿ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದ ಆಸ್ಕರ್ ಶೀಬ್ವೆ ಕಾಂಗೋ ದೇಶದವನು, ಅವನಿಗೂ ಇದೇ ಕಾಟ. ಜಾಣ, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಜಾಹೀರಾತಿನ ಕೆಲಸ ಅಲ್ಲಿ, ಅಮೆರಿಕದ ಹೊರಗೆ, ಮಾಡಿಕೊಂಡ.

ಕೋರ್ಟಿನಲ್ಲಿ ಆದ ಒಂದು ಒಪ್ಪಂದದಿಂದ, 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದೊಂದು ಕಾಲೇಜು ಸುಮಾರು 2.05 ಕೋಟಿ ಡಾಲರ್‌ವರೆಗೆ. ಅದರಲ್ಲಿ ಜಾಸ್ತಿ ಪಾಲು ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನವರಿಗೆ. ಟೆನಿಸ್ ಹುಡುಗರು ಸುಮ್ನೆ ಆಸೆ ಇಟ್ಟುಕೊಳ್ಳಬಾರದು. ಆದರೆ ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ 4.5 ಮಿತಿಯೂ ಹೋಗಿದೆ. ಹಾಗಾಗಿ ಕೋಚ್ ಹತ್ತಿರ ಪೂರ್ತಿ ಸ್ಕಾಲರ್‌ಶಿಪ್ಪೇ ಕೇಳಿ, ನಾಲ್ಕೂ ವರ್ಷಕ್ಕೆ. ಗಾಯವಾದರೆ ಏನು ಅನ್ನುವುದನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ.