ಕಲಬುರಗಿಯಲ್ಲಿ ತೊಗರಿ ಸಾಲಿಗೆಂದು ಮುಂಚಕ್ರಗಳ ನಡುವಿನ ಅಂತರ ಹೆಚ್ಚಿಸಿದ ಮೇಲೆ ಟ್ರ್ಯಾಕ್ಟರ್ ರಸ್ತೆಯಲ್ಲಿ ಏಕೆ ನೆಟ್ಟಗೆ ಓಡುತ್ತಿಲ್ಲ?

ಹೊಸ ಅಂತರಕ್ಕೆ ಟೈ ರಾಡ್ ಸರಿಯಾಗಿ ಹೊಂದಿಕೆಯಾಗದೆ ‘ಟೋ-ಇನ್’ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಟೈ ರಾಡ್ ಎಂದರೆ ಚಕ್ರಗಳನ್ನು ಸ್ಟಿಯರಿಂಗ್‌ಗೆ ಜೋಡಿಸುವ ಸಲಾಕೆ; ಟೋ-ಇನ್ ಎಂದರೆ ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಕೆಲವೇ ಮಿಲಿಮೀಟರ್ ಒಳಕ್ಕಿರುವುದು.

ನಿಂತಾಗ ಹೀಗೆ ಓರೆಯಾಗಿರಲೇಬೇಕು. ಹಿಂದಿನ ಚಕ್ರಗಳು ತಳ್ಳುವಾಗ ನೆಲದ ತಡೆ ಮುಂಚಕ್ರಗಳನ್ನು ಹೊರಕ್ಕೆ ತಿರುಗಿಸಲು ನೋಡುತ್ತದೆ, ಕೀಲುಗಳ ಸಣ್ಣ ಸಡಿಲವೆಲ್ಲ ಆ ಕಡೆ ಎಳೆದುಕೊಳ್ಳುತ್ತದೆ. ಆಗ ಚಕ್ರಗಳು ಹೆಚ್ಚುಕಡಿಮೆ ಸಮಾನಾಂತರಕ್ಕೆ ಬರುತ್ತವೆ. ಮೊದಲೇ ಹೊರಕ್ಕಿದ್ದರೆ ಟ್ರ್ಯಾಕ್ಟರ್ ಅತ್ತಿತ್ತ ಹೊರಳುತ್ತದೆ, ಟೈರಿನ ಒಳಅಂಚು ಸವೆಯುತ್ತದೆ.

ಸಮತಟ್ಟಾದ ನೆಲದಲ್ಲಿ ಸ್ಟಿಯರಿಂಗ್ ನೇರ ಮಾಡಿ, ಅಚ್ಚಿನ ಎತ್ತರದಲ್ಲಿ ಎರಡೂ ಟೈರುಗಳ ಮುಂಭಾಗದಲ್ಲಿ, ಟೈರಿನ ನಟ್ಟನಡುವೆ ಸೀಮೆಸುಣ್ಣದ ಗುರುತು ಹಾಕಿ ಆ ಎರಡು ಗುರುತುಗಳ ಅಂತರ ಅಳೆಯಿರಿ. ಗುರುತು ಹಿಂದಕ್ಕೆ ಬರುವಂತೆ ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ಉರುಳಿಸಿ ಮತ್ತೆ ಅಳೆಯಿರಿ. ಅದೇ ಗುರುತನ್ನು ಬಳಸುವುದು ಮುಖ್ಯ, ರಿಮ್ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಹಿಂಭಾಗದ ಅಳತೆ ಮುಂಭಾಗದ್ದಕ್ಕಿಂತ ಎಷ್ಟು ಹೆಚ್ಚಿರಬೇಕೆಂಬುದು ನಿಮ್ಮ ಮಾದರಿಯ ಕೈಪಿಡಿಯಲ್ಲಿದೆ. ಅಷ್ಟು ಬರುವಂತೆ ಟೈ ರಾಡ್ ತಿರುಗಿಸಿ ಹೊಂದಿಸಿ; ಎರಡಿದ್ದರೆ ಎರಡನ್ನೂ ಸಮನಾಗಿ ತಿರುಗಿಸಿ.

ಆದರೆ ಕೀಲುಗಳೇ ಸವೆದಿದ್ದರೆ ಮೊದಲು ಅವನ್ನು ಬದಲಿಸಿ. ಇಲ್ಲದಿದ್ದರೆ ಎಷ್ಟು ಅಳೆದರೂ ವ್ಯರ್ಥ. ರಿಮ್‌ನಲ್ಲಿ ಒಣಗಿದ ಎರೆಮಣ್ಣನ್ನೂ ಕೆರೆದು ತೆಗೆಯಿರಿ, ಅದೂ ಚಕ್ರವನ್ನು ಅದುರಿಸುತ್ತದೆ.